ಬೋಸರ ಆಲಿಕೆ, ನಮ್ಮ 5ಜಿ

ಜಗದೀಶ್ ಚಂದ್ರ ಬೋಸ್ ಅಂದರೆ ಗಿಡಗಳ ಸ್ಪಂದನ. ಶಾಲೆಯಲ್ಲಿ ನನಗೆ ಕಲಿಸಿದ್ದು ಅಷ್ಟೇ. 5ಜಿ ಆಂಟೆನಾಗಳ ಬಗ್ಗೆ ಓದುತ್ತಾ ಹೋದಾಗ ಅದೇ ಮನುಷ್ಯ ಬೇರೆ ಬಾಗಿಲಿಂದ ಎದುರಾದರು.

ಹುಟ್ಟಿದ್ದು 1858ರಲ್ಲಿ, ಇಂದಿನ ಬಾಂಗ್ಲಾದೇಶದಲ್ಲಿ. ಅಪ್ಪ ಬ್ರಿಟಿಷ್ ಸರ್ಕಾರದ ಅಧಿಕಾರಿಯಾಗಿದ್ದರೂ ಮಗನನ್ನು ಮೊದಲು ಸೇರಿಸಿದ್ದು ಬಂಗಾಳಿ ಶಾಲೆಗೆ. ಕೇಂಬ್ರಿಡ್ಜಿನಲ್ಲಿ ಓದಿ ಬಂದು, 1885ರಲ್ಲಿ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಅಲ್ಲಿ ಅದೇ ಕೆಲಸಕ್ಕೆ ಯುರೋಪಿಯನ್ನರಿಗೆ ಒಂದು ಸಂಬಳ, ಭಾರತೀಯರಿಗೆ ಕಡಿಮೆ ಸಂಬಳ. ಬೋಸ್ ಕೆಲಸ ಬಿಡಲಿಲ್ಲ, ಸಂಬಳವನ್ನೂ ಮುಟ್ಟಲಿಲ್ಲ. ಮನೆಯಲ್ಲಿ ಅಪ್ಪನ ಸಾಲ ಬೇರೆ ಇತ್ತು. ಮೂರು ವರ್ಷ ಹಾಗೇ ಪಾಠ ಮಾಡಿದರು. ಕೊನೆಗೆ ಆಡಳಿತವೇ ಮಣಿದು ಬಾಕಿ ಸಮೇತ ಪೂರ್ತಿ ಸಂಬಳ ಕೊಟ್ಟಿತು. ನನ್ನ ಮಟ್ಟಿಗೆ ಅವರ ಮೊದಲ ದೊಡ್ಡ ಪ್ರಯೋಗ ಇದೇ.

ಎರಡನೆಯದು ಕಾಲೇಜಿನ ಒಂದು ಪುಟ್ಟ ಕೋಣೆಯಲ್ಲಿ ನಡೆದದ್ದು. ಬೇರೆಯವರು ಮೀಟರುಗಟ್ಟಲೆ ಉದ್ದದ ರೇಡಿಯೋ ತರಂಗಗಳ ಹಿಂದೆ ಬಿದ್ದಿದ್ದಾಗ, ಬೋಸ್ ಅದನ್ನು ಮಿಲಿಮೀಟರುಗಳಿಗೆ ಇಳಿಸಿದರು. 5 ಮಿಲಿಮೀಟರ್, ಅಂದರೆ ಸುಮಾರು 60 ಗಿಗಾಹರ್ಟ್ಸ್! ಅಷ್ಟು ಸಣ್ಣ ಅಲೆ ಬೆಳಕಿನ ಹಾಗೆ ವರ್ತಿಸುತ್ತೆ, ಅಂಗೈ ಗಾತ್ರದ ಸಲಕರಣೆಯಲ್ಲೇ ಅದನ್ನು ಅಳೆಯಬಹುದು. ರೈಲ್ವೆ ವೇಳಾಪಟ್ಟಿ ಪುಸ್ತಕದ ಹಾಳೆಗಳ ನಡುವೆ ತವರದ ಹಾಳೆ ಇಟ್ಟು, ಹುರಿ ಮಾಡಿದ ಸೆಣಬು ಬಳಸಿ ಪ್ರಯೋಗ ಮಾಡಿದರು. ಅಲೆಗಳನ್ನು ಹಿಡಿಯೋಕೆ ಲೋಹದ ಒಂದು ಆಲಿಕೆ. ಅದನ್ನೇ ಇವತ್ತು ಹಾರ್ನ್ ಆಂಟೆನಾ ಅಂತೀವಿ. ಹೊಸ ಆಂಟೆನಾಗಳನ್ನು ಪರೀಕ್ಷಿಸುವ ಲ್ಯಾಬುಗಳಲ್ಲಿ ಈಗಲೂ ಅಳತೆಗೋಲು ಅದೇ. 1895ರಲ್ಲಿ ಕಲ್ಕತ್ತಾದ ಟೌನ್ ಹಾಲಿನಲ್ಲಿ ತಂತಿಯಿಲ್ಲದೆ ಗಂಟೆ ಬಾರಿಸಿದರು, ಮದ್ದಿಗೆ ಕಿಡಿ ಹಚ್ಚಿದರು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಲ್ಲವನ್ನೂ ತೆರೆದು ತೋರಿಸಿದರು.

ಮಾರ್ಕೋನಿ ಕದ್ದನಾ ಅನ್ನೋ ಜಗಳ ನನಗೆ ಬೇಸರ ತಂದಿದೆ. ಅದಕ್ಕಿಂತ ಮುಖ್ಯವಾದ್ದು ಬೇರೆ ಇದೆ: ಸಮುದ್ರ ದಾಟಿ ಸಂದೇಶ ಕಳಿಸುವ ಉದ್ದನೆ ಅಲೆ ಸಾಮ್ರಾಜ್ಯಕ್ಕೂ ಹಡಗು ಕಂಪನಿಗಳಿಗೂ ಬೇಕಿತ್ತು. ಗೋಡೆ, ಎಲೆ, ಮಳೆಗೆಲ್ಲ ಸೋಲುವ ಗಿಡ್ಡ ಅಲೆಗೆ ಗಿರಾಕಿ ಇರಲಿಲ್ಲ. ಬೋಸರೂ ಗಿಡಗಳ ಕಡೆ ಹೊರಳಿದರು.

ಈಗ ಗಿರಾಕಿ ಬಂದಿದ್ದಾರೆ. 2022ರ ಹರಾಜಿನಲ್ಲಿ ಕೇಂದ್ರ ಸರ್ಕಾರ 26 ಗಿಗಾಹರ್ಟ್ಸ್ ಸ್ಪೆಕ್ಟ್ರಮ್ ಮಾರಿತು. ಅಲ್ಲಿ ಅಲೆಯ ಉದ್ದ 12 ಮಿಲಿಮೀಟರಿಗೂ ಕಡಿಮೆ. ಅದಕ್ಕೇ ಒಂದು ಪುಟ್ಟ ಫಲಕದ ಮೇಲೆ ಸಾಲುಸಾಲಾಗಿ ಆಂಟೆನಾ ಕೂರಿಸಬಹುದು. ಒಂದೊಂದಕ್ಕೂ ಸಂಕೇತವನ್ನು ಚೂರು ಹಿಂದುಮುಂದು ಮಾಡಿ ಕೊಟ್ಟರೆ ಸಾಕು, ಫಲಕ ಅಲುಗಾಡದೆ ಕಿರಣ ಮಾತ್ರ ನಿಮ್ಮ ಫೋನಿನತ್ತ ತಿರುಗುತ್ತೆ.

ಇನ್ನು ಪೇಟೆಂಟ್ ವಿಷಯ. ಸ್ನೇಹಿತರ ಒತ್ತಾಯಕ್ಕೆ 1901ರಲ್ಲಿ ಅಮೆರಿಕದಲ್ಲಿ ಗೆಲೀನಾ ಪತ್ತೆಕಾರಕಕ್ಕೆ ಅರ್ಜಿ ಹಾಕಿದರು, 1904ರಲ್ಲಿ ಸಿಕ್ಕಿತು. ಹಕ್ಕು ಚಲಾಯಿಸಲೇ ಇಲ್ಲ. ಇದನ್ನು ಋಷಿಯ ತ್ಯಾಗ ಅಂತ ಕೊಂಡಾಡೋದು ನನಗೆ ಒಪ್ಪಿಗೆಯಿಲ್ಲ. ಸಂಬಳದಲ್ಲಿ ಒಂದು ಪೈಸೆಯ ಅನ್ಯಾಯವನ್ನೂ ಒಪ್ಪದ ಮನುಷ್ಯ ಅವರು. ದುಡ್ಡು ಅವರಿಗೆ ತುಚ್ಛವಾಗಿರಲಿಲ್ಲ, ಜ್ಞಾನಕ್ಕೆ ಬೇಲಿ ಹಾಕೋದು ಬೇಡವಾಗಿತ್ತು. ಇದು ರಾಜಕೀಯ ನಿಲುವು, ಸನ್ಯಾಸ ಅಲ್ಲ. 1917ರಲ್ಲಿ ತಾವೇ ಕಟ್ಟಿದ ಬೋಸ್ ಸಂಸ್ಥೆಯಲ್ಲೂ ಪೇಟೆಂಟ್ ಬೇಡ ಅಂದರು.

1937ರಲ್ಲಿ ಗಿರಿಡೀಹ್‌ನಲ್ಲಿ ತೀರಿಕೊಂಡರು. 5ಜಿಯ ಒಂದೊಂದು ಹಂತವೂ ಈಗ ಪೇಟೆಂಟಿನೊಳಗಿದೆ, ನಮ್ಮ ಟವರುಗಳ ಬಹುಪಾಲು ಸಲಕರಣೆ ಎರಿಕ್ಸನ್, ನೋಕಿಯಾ, ಸ್ಯಾಮ್‌ಸಂಗ್‌ನದ್ದು.