ಸ್ಟೀರಿಂಗ್ ಕೆಟ್ಟರೆ ಮೊದಲು ನೀರು ನೋಡಿ: ಬಿಲ್ ಹ್ಯಾಮಿಲ್ಟನ್ ಕಥೆ

ಸ್ಟೀರಿಂಗ್ ವೀಲನ್ನು ಪೂರ್ತಿ ಎಡಕ್ಕೆ ತಿರುಗಿಸಿದ್ದೀರಿ. ದೋಣಿ ಮಾತ್ರ ನೆಟ್ಟಗೆ ಎದುರಿನ ಬಂಡೆ ಕಡೆಗೇ ಹೋಗ್ತಾ ಇದೆ. ತೊಂದರೆ ಎಲ್ಲಿದೆ? ನಮ್ಮಲ್ಲಿ ಹೆಚ್ಚಿನವರು ವೀಲ್, ಕೇಬಲ್, ಜಾಯಿಂಟ್ ಅಂತ ಹುಡುಕೋಕೆ ಶುರು ಮಾಡ್ತೀವಿ. ಜೆಟ್ ದೋಣಿಯಲ್ಲಾದರೆ ಎಷ್ಟೋ ಸಲ ಉತ್ತರ ಅಲ್ಲಿ ಇರೋದೇ ಇಲ್ಲ. ಅದು ದೋಣಿಯ ಹೊಟ್ಟೆಯಡಿಯ ಜಾಲರಿಯಲ್ಲಿ ಸಿಕ್ಕಿಕೊಂಡ ಒಂದು ಹಿಡಿ ಪಾಚಿಯಲ್ಲಿರುತ್ತೆ. ಅಥವಾ ಭಯದಿಂದ ಥ್ರಾಟಲ್ ಬಿಟ್ಟ ನಮ್ಮ ಕೈಯಲ್ಲೇ ಇರುತ್ತೆ.

ಈ ದೋಣಿಯನ್ನು ನದಿಗೆ ಒಗ್ಗುವಂತೆ ಮಾಡಿದ ಮನುಷ್ಯನ ಕಥೆ ಗೊತ್ತಾದರೆ ಈ ಮಾತು ತಾನಾಗಿಯೇ ಅರ್ಥ ಆಗುತ್ತೆ. ಅವರು ಇಂಜಿನಿಯರಿಂಗ್ ಡಿಗ್ರಿ ಇಲ್ಲದ ಇಂಜಿನಿಯರ್. ವೃತ್ತಿಯಿಂದ ಕುರಿ ಸಾಕುವ ರೈತ. ಹೆಸರು ಚಾರ್ಲ್ಸ್ ವಿಲಿಯಂ ಫೀಲ್ಡನ್ ಹ್ಯಾಮಿಲ್ಟನ್. ಊರೆಲ್ಲ ಕರೆಯುತ್ತಿದ್ದದ್ದು ಬಿಲ್ ಅಂತ.

1899ರಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಫೇರ್ಲಿ ಎಂಬ ಊರಿನ ಹತ್ತಿರದ ಒಂದು ಕುರಿ ಫಾರ್ಮಿನಲ್ಲಿ ಅವರು ಹುಟ್ಟಿದರು. ಇಪ್ಪತ್ತೆರಡು ತುಂಬುವ ಹೊತ್ತಿಗೆ, 1921ರಲ್ಲಿ, ಮೆಕೆಂಜಿ ಪ್ರಾಂತ್ಯದ ಐರಿಶ್‌ಮನ್ ಕ್ರೀಕ್ ಎಂಬ ದೊಡ್ಡ ಫಾರ್ಮ್ ಕೊಂಡರು. ಟೆಕಾಪೊ, ಪುಕಾಕಿ ಸರೋವರಗಳ ಸೀಮೆ ಅದು. ಸುತ್ತ ಹುಲ್ಲುಗಾವಲು, ದೂರದಲ್ಲಿ ಹಿಮದ ಬೆಟ್ಟ, ಚಳಿಗಾಲ ಬಂದರೆ ಮೈ ಕೊರೆಯುವ ಗಾಳಿ. ಏನಾದರೂ ಮುರಿದರೆ ರಿಪೇರಿಗೆ ಓಡುವ ಪೇಟೆ ಹತ್ತಿರದಲ್ಲಿ ಇರಲಿಲ್ಲ. ಮುರಿದದ್ದನ್ನು ಮುರಿದವರೇ ಸರಿ ಮಾಡಿಕೊಳ್ಳಬೇಕು.

ಹ್ಯಾಮಿಲ್ಟನ್‌ಗೆ ಅದೇ ಬೇಕಾಗಿತ್ತು ಅನ್ನಿಸುತ್ತೆ. ವೇಗದ ಹುಚ್ಚು ಬೇರೆ ಇತ್ತು: 1930ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಬೆಂಟ್ಲಿ ಕಾರು ಓಡಿಸಿ ಬಂದವರು ಅವರು. ಊರಿನಲ್ಲಿ ಮನೆಗೆ ಕರೆಂಟ್ ಬೇಕು ಅಂತ ತೊರೆಗೆ ಅಣೆಕಟ್ಟು ಕಟ್ಟೋಕೆ ಹೊರಟರು. ಮಣ್ಣು ಬಗೆದು ಸಾಗಿಸುವ ಯಂತ್ರ ಬೇಕಾಯ್ತು. ಅದನ್ನೂ ತಾವೇ ಮಾಡಿಕೊಂಡರು. ಆ ಯಂತ್ರ ಬೇರೆಯವರಿಗೂ ಬೇಕು ಅನ್ನಿಸಿತು. ಹೀಗೆ ಫಾರ್ಮಿನ ಶೆಡ್ಡು ವರ್ಕ್‌ಶಾಪ್ ಆಯ್ತು, ವರ್ಕ್‌ಶಾಪ್ ಕಾರ್ಖಾನೆ ಆಯ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದೇ ಕುರಿ ಫಾರ್ಮಿನಲ್ಲಿ ಯುದ್ಧಸಾಮಗ್ರಿ ತಯಾರಾಗುತ್ತಿತ್ತು. ಯುದ್ಧ ಮುಗಿದ ಮೇಲೆ ಕಂಪನಿ ಕ್ರೈಸ್ಟ್‌ಚರ್ಚ್ ನಗರಕ್ಕೆ ಹೋಯ್ತು. ಆದರೂ ಹೊಸ ಪ್ರಯೋಗ ಅಂದರೆ ಅವರ ಮನಸ್ಸು ಓಡುತ್ತಿದ್ದದ್ದು ಐರಿಶ್‌ಮನ್ ಕ್ರೀಕಿನ ಶೆಡ್ಡಿಗೇ.

ಅವರಿಗೆ ಚಿಕ್ಕಂದಿನಿಂದ ಒಂದು ಆಸೆ ಇತ್ತು. ಆ ಸೀಮೆಯ ನದಿಗಳಲ್ಲಿ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹೋಗಬೇಕು. ಅಲ್ಲಿನ ನದಿಗಳು ಒಂದೇ ಪಾತ್ರದಲ್ಲಿ ಹರಿಯೋದಿಲ್ಲ. ಅಗಲವಾದ ಜಲ್ಲಿಕಲ್ಲಿನ ಹಾಸಿನ ಮೇಲೆ ಜಡೆಯ ಹಾಗೆ ಹತ್ತಾರು ಕವಲಾಗಿ ಹೆಣೆದುಕೊಂಡು ಹರಿಯುತ್ತವೆ. ನೀರಿನ ಸೆಳೆತ ಜೋರು, ಆಳ ಮೊಣಕಾಲಿಗೂ ಬರದಷ್ಟು. ಪ್ರೊಪೆಲ್ಲರ್ ಇರುವ ದೋಣಿ ಇಳಿಸಿದರೆ ಮೊದಲ ತಿರುವಿನಲ್ಲೇ ಪ್ರೊಪೆಲ್ಲರ್ ಕಲ್ಲಿಗೆ ಬಡಿದು ಮುರಿಯುತ್ತೆ. ಚುಕ್ಕಾಣಿಯ ಕಥೆಯೂ ಅಷ್ಟೇ.

1950ರ ದಶಕದ ಆರಂಭದಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ಇದಕ್ಕೆ ಕೈ ಹಾಕಿದರು. ಅಮೆರಿಕದ ಹ್ಯಾನ್ಲಿ ಹೈಡ್ರೋಜೆಟ್ ಎಂಬ ಮಾದರಿಯ ಬಗ್ಗೆ ಅವರಿಗೆ ತಿಳಿದಿತ್ತು. ದೋಣಿಯೊಳಗೆ ಒಂದು ಪಂಪ್. ಅದು ತಳದಿಂದ ನೀರು ಹೀರಿ, ತಳದಡಿಯಲ್ಲೇ ಇರುವ, ದಿಕ್ಕು ತಿರುಗಿಸಬಹುದಾದ ನಾಝಲ್ ಮೂಲಕ ಹೊರಗೆ ಎಸೆಯುತ್ತೆ. ಅದೇ ದಾರಿಯಲ್ಲಿ ತಾವೂ ಒಂದು ಪಂಪ್ ಮಾಡಿ ಪುಟ್ಟ ಪ್ಲೈವುಡ್ ದೋಣಿಗೆ ಕೂರಿಸಿದರು. ದೋಣಿ ಓಡಿತು, ತಿರುಗಿತು. ಆದರೆ ಆ ನದಿಗಳ ಸೆಳೆತವನ್ನು ಗೆಲ್ಲುವಷ್ಟು ವೇಗ ಬರಲಿಲ್ಲ.

ಇಲ್ಲಿ ನಾವಾಗಿದ್ದರೆ ಏನು ಮಾಡ್ತಿದ್ವಿ? ಪ್ರಾಜೆಕ್ಟ್ ರೋಬೋ ಓಡದಿದ್ದರೆ ನಮ್ಮ ಮೊದಲ ಪರಿಹಾರ ದೊಡ್ಡ ಮೋಟಾರ್. ಹ್ಯಾಮಿಲ್ಟನ್ ತಂಡ ಇಂಜಿನ್ ಬದಲಿಸುವ ಮೊದಲು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅನ್ನೋದನ್ನು ನೋಡಿತು. ತಳದಡಿ ಚಾಚಿದ್ದ ನಾಝಲ್ಲೇ ಹರಿಯುವ ನೀರಿಗೆ ಅಡ್ಡ ನಿಂತು ದೋಣಿಯನ್ನು ಹಿಡಿದೆಳೆಯುತ್ತಿತ್ತು. ಕಲ್ಲಿಗೆ ಬಡಿಯುವ ಭಯವೂ ತಪ್ಪಿರಲಿಲ್ಲ. ಅವರ ಸಿಬ್ಬಂದಿಯಲ್ಲಿ ಒಬ್ಬರು ಒಂದು ಸಲಹೆ ಕೊಟ್ಟರು: ನಾಝಲ್ಲನ್ನು ದೋಣಿಯ ಹಿಂಭಾಗಕ್ಕೆ ತಂದು, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಇಡೋಣ. ನೀರು ಗಾಳಿಗೆ ಚಿಮ್ಮಲಿ.

ಕೇಳಿದವರಿಗೆ ಇದು ತಲೆಕೆಟ್ಟ ಮಾತು ಅನ್ನಿಸಬಹುದು. ಗಾಳಿಗೆ ನೀರು ಎಸೆದರೆ ದೋಣಿ ಯಾವುದನ್ನು ತಳ್ಳಿ ಮುಂದೆ ಹೋಗುತ್ತೆ? ಆದರೆ ಜೆಟ್ ಯಾವುದನ್ನೂ ತಳ್ಳಬೇಕಾಗಿಲ್ಲ. ನೀರನ್ನು ವೇಗವಾಗಿ ಹಿಂದಕ್ಕೆ ಎಸೆಯುವ ಕ್ರಿಯೆಗೆ ಪ್ರತಿಕ್ರಿಯೆಯೇ ದೋಣಿಯ ಬಲ. ನ್ಯೂಟನ್‌ನ ಮೂರನೇ ನಿಯಮವನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಅವರು ನದಿಯಲ್ಲಿ ಮಾಡಿ ನೋಡಿದರು. ದೋಣಿಯ ವೇಗ ಕೂಡಲೇ ಏರಿತು. ತಳದಡಿ ಚಾಚಿಕೊಂಡದ್ದು ಏನೂ ಉಳಿಯಲಿಲ್ಲ. ಪೂರ್ತಿ ವೇಗದಲ್ಲಿ ನೀರಿನ ಮೇಲೆ ಎದ್ದು ಓಡುವಾಗ ಕೆಲವೇ ಅಂಗುಲ ಆಳ ಸಾಕಾಯಿತು.

ಈಗ ಸ್ಟೀರಿಂಗ್ ವಿಷಯಕ್ಕೆ ಬರೋಣ. ಈ ದೋಣಿಗೆ ಚುಕ್ಕಾಣಿ ಇಲ್ಲ. ಹಿಂದೆ ಚಿಮ್ಮುವ ನೀರನ್ನೇ ಎಡಕ್ಕೋ ಬಲಕ್ಕೋ ತಿರುಗಿಸಬೇಕು. ಅಂದರೆ ಮುಂದೆ ತಳ್ಳುವ ಬಲ, ಪಕ್ಕಕ್ಕೆ ತಿರುಗಿಸುವ ಬಲ ಎರಡೂ ಒಂದೇ ಜೆಟ್ಟಿನಿಂದ ಬರಬೇಕು. ಒಂದು ಲೆಕ್ಕ ಹಾಕಿ. ಥ್ರಸ್ಟ್ 2000 ನ್ಯೂಟನ್, ಜೆಟ್ಟನ್ನು 20 ಡಿಗ್ರಿ ತಿರುಗಿಸಿದ್ದೀರಿ ಅಂದುಕೊಳ್ಳಿ. ಪಕ್ಕದ ಬಲ 2000 ಸೈನ್ 20, ಸುಮಾರು 680 ನ್ಯೂಟನ್. ಹೆದರಿ ಥ್ರಾಟಲ್ ಬಿಟ್ಟಿರಿ, ಥ್ರಸ್ಟ್ 200ಕ್ಕೆ ಇಳಿಯಿತು. ಪಕ್ಕದ ಬಲ ಬರೀ 68. ವೀಲ್ ಅಷ್ಟೇ ತಿರುಗಿದೆ, ಕೇಬಲ್ ಸರಿಯಾಗಿದೆ, ನಾಝಲ್ ಕೂಡ ತಿರುಗಿದೆ. ಆದರೂ ದೋಣಿ ಬಂಡೆ ಕಡೆಗೇ. ಕಾರಿನಲ್ಲಿ ಅಪಾಯ ಕಂಡರೆ ಕಾಲು ತೆಗೆಯುವುದು ನಮ್ಮ ಅಭ್ಯಾಸ. ಜೆಟ್ ದೋಣಿಯಲ್ಲಿ ಅದೇ ಅಭ್ಯಾಸ ಜೀವಕ್ಕೆ ಕುತ್ತು. ತಿರುಗಬೇಕು ಅಂದರೆ ಥ್ರಾಟಲ್ ಕೊಡಬೇಕು. ಹೊಸಬರಿಗೆ ಮೊದಲು ಕಲಿಸಬೇಕಾದ ಪಾಠ ಇದೇ.

ಈ ಒಂದು ವಿಷಯ ತಲೆಗೆ ಹೋದರೆ ದೋಷ ಹುಡುಕುವ ಕ್ರಮವೂ ಸುಲಭ. ಮೊದಲ ಪ್ರಶ್ನೆ: ಥ್ರಸ್ಟ್ ಇದೆಯಾ? ಇಂಜಿನ್ ಸದ್ದು ಏರುತ್ತಿದೆ, ದೋಣಿ ಮಾತ್ರ ಮಂದವಾಗಿದೆ, ತಿರುಗುತ್ತಲೂ ಇಲ್ಲ ಅಂದರೆ ಕೇಬಲ್ ಮುಟ್ಟಬೇಡಿ. ನೀರು ಒಳಗೆ ಬರುವ ಜಾಲರಿಯನ್ನು ನೋಡಿ. ಪಾಚಿ, ಕಡ್ಡಿ, ಕಲ್ಲು ಸಿಕ್ಕಿದೆಯಾ? ನೀರಿನ ಜೊತೆ ಗಾಳಿ ಎಳೆದುಕೊಳ್ಳುತ್ತಿದೆಯಾ? ಮರಳು, ಜಲ್ಲಿ ಉಜ್ಜಿ ಇಂಪೆಲ್ಲರ್‌ಗೂ ಅದರ ಸುತ್ತಿನ ಕವಚಕ್ಕೂ ನಡುವಿನ ಸಂದು ದೊಡ್ಡದಾಗಿದೆಯಾ? ಸಂದು ಹೆಚ್ಚಿದಷ್ಟೂ ನೀರು ಹಿಂದಕ್ಕೆ ಜಾರುತ್ತೆ, ಥ್ರಸ್ಟ್ ಕುಸಿಯುತ್ತೆ. ಕೈ ಹಾಕಿ ನೋಡುವ ಮೊದಲು ಇಂಜಿನ್ ಪೂರ್ತಿ ಆಫ್ ಆಗಿರಬೇಕು, ಕೀ ನಿಮ್ಮ ಜೇಬಿನಲ್ಲಿರಬೇಕು.

ಥ್ರಸ್ಟ್ ಸರಿ ಇದ್ದರೆ ಎರಡನೇ ಪ್ರಶ್ನೆ: ಜೆಟ್ ತಿರುಗುತ್ತಿದೆಯಾ? ವೀಲ್ ಬಿಗಿಯಾಗಿದ್ದರೆ ಕೇಬಲ್ಲನ್ನು ನಾಝಲ್ ಕಡೆಯಿಂದ ಬಿಚ್ಚಿ, ನಾಝಲ್ಲನ್ನು ಕೈಯಿಂದಲೇ ತಿರುಗಿಸಿ. ಅದು ಸಲೀಸಾಗಿ ತಿರುಗಿದರೆ ದೋಷ ಕೇಬಲ್ಲಿನಲ್ಲೋ ವೀಲಿನ ಕಡೆಯೋ ಇದೆ. ತಿರುಗದಿದ್ದರೆ ನಾಝಲ್ಲಿನ ಕೀಲಿಗೆ ಮರಳು ಹೊಕ್ಕಿದೆ, ಇಲ್ಲಾ ತುಕ್ಕು ಹಿಡಿದಿದೆ. ವೀಲ್ ಸ್ವಲ್ಪ ದೂರ ಸುಮ್ಮನೆ ಆಡಿ ಆಮೇಲೆ ನಾಝಲ್ ಅಲುಗಿದರೆ ಕೀಲುಗಳು ಸವೆದಿವೆ. ಕೊನೆಯ ಪ್ರಶ್ನೆ: ವೀಲ್ ನೇರವಾಗಿದ್ದರೂ ದೋಣಿ ಒಂದೇ ಕಡೆ ಎಳೆಯುತ್ತಿದೆಯಾ? ಆಗ ವೀಲ್ ನಡುವಲ್ಲಿರುವಾಗ ನಾಝಲ್ಲೂ ನಡುವಲ್ಲಿದೆಯಾ ನೋಡಿ. ಆಮೇಲೆ ನಾಝಲ್ ಒಳಗೆ ಕಲ್ಲು ಕೂತು ಜೆಟ್ಟನ್ನು ಓರೆ ಮಾಡುತ್ತಿದೆಯಾ ನೋಡಿ. ಒಂದೊಂದು ಹೆಜ್ಜೆಯೂ ಸಮಸ್ಯೆಯನ್ನು ಎರಡು ಭಾಗ ಮಾಡಿ ಒಂದನ್ನು ಬಿಟ್ಟುಬಿಡುತ್ತೆ. ಸರ್ಕ್ಯೂಟ್ ಲ್ಯಾಬಿನಲ್ಲಿ ಮಲ್ಟಿಮೀಟರ್ ಹಿಡಿದು ನಾವು ಮಾಡೋದೂ ಇದೇ ತಾನೆ?

ನಾಝಲ್ ಮೇಲಕ್ಕೆ ಬಂದ ಮಾತ್ರಕ್ಕೆ ಹ್ಯಾಮಿಲ್ಟನ್ ಸುಮ್ಮನಾಗಲಿಲ್ಲ. ಮೊದಲ ಪಂಪ್ ನೀರನ್ನು ಹೊರಸುತ್ತಿಗೆ ಎಸೆಯುವ ಸೆಂಟ್ರಿಫ್ಯೂಗಲ್ ಜಾತಿಯದು. ಮುಂದಿನ ಮಾದರಿಗಳಲ್ಲಿ ನೀರು ನೇರವಾಗಿ ಹಿಂದಕ್ಕೆ ಹರಿಯುವ ಆಕ್ಸಿಯಲ್ ಪಂಪ್ ಬಂತು. ಎದುರಿನ ಬಂಡೆಯಿಂದ ತಪ್ಪಿಸಿಕೊಳ್ಳಲು ದೋಣಿಯನ್ನು ನಿಂತ ಜಾಗದಲ್ಲೇ ಗಿರ್ರನೆ ತಿರುಗಿಸುವ ಚಳಕಕ್ಕೆ ಇವತ್ತಿಗೂ ಹ್ಯಾಮಿಲ್ಟನ್ ಟರ್ನ್ ಅಂತಲೇ ಹೆಸರು. ಥ್ರಾಟಲ್ ಬಿಟ್ಟು, ವೀಲ್ ಪೂರ್ತಿ ತಿರುಗಿಸಿ, ಮತ್ತೆ ಥ್ರಾಟಲ್ ಒತ್ತಬೇಕು. ಕೊನೆಯ ಒತ್ತು ಮರೆತರೆ ತಿರುವಿಲ್ಲ.

1960ರಲ್ಲಿ ಈ ದೋಣಿಗಳು ಅಮೆರಿಕದ ಕೊಲೊರಾಡೊ ನದಿಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಉದ್ದಕ್ಕೂ ಪ್ರವಾಹಕ್ಕೆ ಎದುರಾಗಿ ಹತ್ತಿದವು. ಅದಕ್ಕೂ ಮುಂಚೆ ಯಾರೂ ಮಾಡದ ಕೆಲಸ ಅದು. ಚಾಲಕರಲ್ಲಿ ಮುಖ್ಯರು ಹ್ಯಾಮಿಲ್ಟನ್ ಅವರ ಮಗ ಜಾನ್. ಕುರಿ ಫಾರ್ಮಿನ ಶೆಡ್ಡಿನ ಕೆಲಸ ಜಗತ್ತಿಗೆ ಗೊತ್ತಾಯ್ತು.

ಇಷ್ಟೆಲ್ಲ ಆದರೂ ತಾನು ಜೆಟ್ ದೋಣಿಯ ಸಂಶೋಧಕ ಅಂತ ಹ್ಯಾಮಿಲ್ಟನ್ ಹೇಳಿಕೊಳ್ಳಲಿಲ್ಲ. ಆ ಗೌರವ ಆರ್ಕಿಮಿಡೀಸ್‌ಗೆ ಸಲ್ಲಬೇಕು ಅನ್ನೋದು ಅವರ ನಿಲುವು. ನೀರು ಎಸೆದು ಸಾಗುವ ದೋಣಿಯ ಕಲ್ಪನೆ ಅವರಿಗಿಂತ ಹಳೆಯದು ಅನ್ನೋದು ನಿಜ. ಅವರು ಮಾಡಿದ್ದು ಅದು ನಿಜವಾದ ನದಿಯಲ್ಲಿ ಯಾಕೆ ಸೋಲುತ್ತಿದೆ ಅಂತ ಹುಡುಕಿ, ಒಂದೊಂದೇ ದೋಷ ತೆಗೆದದ್ದು. ಮಾಲೀಕ ತಾನು, ಸಲಹೆ ಕೊಟ್ಟದ್ದು ನೌಕರ ಅನ್ನೋ ಲೆಕ್ಕ ಆ ಶೆಡ್ಡಿನಲ್ಲಿ ಕೆಲಸಕ್ಕೆ ಅಡ್ಡ ಬರಲಿಲ್ಲ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಯಾರ ಹೆಸರು ಮೊದಲು ಅಂತ ಜಗಳ ಆಡುವ ನಾವು ಇದನ್ನು ಒಂದು ಸಲ ಯೋಚಿಸಬೇಕು.

1974ರಲ್ಲಿ ಅವರಿಗೆ ಸರ್ ಪದವಿ ಬಂತು. 1977ರಲ್ಲಿ ಎಡ್ಮಂಡ್ ಹಿಲರಿ ಅವರ ತಂಡ ಬಂಗಾಳ ಕೊಲ್ಲಿಯಿಂದ ಗಂಗೆಯ ಮೂಲದ ಕಡೆಗೆ ಹೊರಟಿತು. ಅವರು ಏರಿದ್ದು ಹ್ಯಾಮಿಲ್ಟನ್ ಜೆಟ್ ದೋಣಿಗಳನ್ನೇ, ಚಾಲಕರಲ್ಲಿ ಜಾನ್ ಕೂಡ ಇದ್ದರು. ಬಯಲಿನ ಮರಳು ದಿಬ್ಬಗಳನ್ನು ದಾಟಿ, ಹಿಮಾಲಯದ ಬುಡದ ಭೋರ್ಗರೆತವನ್ನು ಹತ್ತಿ, ನಂದಪ್ರಯಾಗದ ಹತ್ತಿರ ಜಲಪಾತವೊಂದು ಅಡ್ಡ ನಿಲ್ಲುವ ತನಕ ದೋಣಿಗಳು ಸಾಗಿದವು. ಮರುವರ್ಷ, 1978ರ ಮಾರ್ಚಿನಲ್ಲಿ, ಬಿಲ್ ಹ್ಯಾಮಿಲ್ಟನ್ ತೀರಿಕೊಂಡರು.

ಗೆಳೆಯರೇ, ಮುಂದಿನ ಸಲ ಏನಾದರೂ ಹೇಳಿದ ಹಾಗೆ ಕೇಳದೆ ಹೋದಾಗ, ಕೈಯಲ್ಲಿರುವ ವೀಲನ್ನೇ ಇನ್ನಷ್ಟು ಜೋರಾಗಿ ತಿರುಗಿಸಬೇಡಿ. ಅದಕ್ಕೆ ಬಲ ಎಲ್ಲಿಂದ ಬರುತ್ತೆ ಅಂತ ಹಿಂದಕ್ಕೆ ಹೋಗಿ ನೋಡಿ. ಅಲ್ಲೆಲ್ಲೋ ಜಾಲರಿಗೆ ಒಂದು ಹಿಡಿ ಪಾಚಿ ಸಿಕ್ಕಿರಬಹುದು.