ಭೂಮಿ ತಿರುಗುತ್ತಿದ್ದರೆ ನಾವೇಕೆ ಹಾರಿಹೋಗುವುದಿಲ್ಲ? ಲೆಕ್ಕ ಹಾಕಿ ಪೆಟ್ಟಿಗೆಯಲ್ಲಿಟ್ಟ ಹೈಗನ್ಸ್‌ನ ಕಥೆ

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತಿ ಸುತ್ತಿ ಬರುವ ಒಂದು ಫಾರ್ವರ್ಡ್ ಇದೆ. ಭೂಮಿ ಗಂಟೆಗೆ 1600 ಕಿಲೋಮೀಟರ್ ವೇಗದಲ್ಲಿ ತಿರುಗುತ್ತದೆ ಎನ್ನುತ್ತಾರಲ್ಲ, ಹಾಗಾದರೆ ನಾವೆಲ್ಲ ಯಾಕೆ ಹಾರಿಹೋಗುತ್ತಿಲ್ಲ, ಸಮುದ್ರದ ನೀರು ಯಾಕೆ ಚೆಲ್ಲುತ್ತಿಲ್ಲ ಎಂದು ಅದು ಕೇಳುತ್ತದೆ. ಜೊತೆಗೆ ಒದ್ದೆಯಾದ ಟೆನಿಸ್ ಚೆಂಡನ್ನು ಗಿರ್ರನೆ ತಿರುಗಿಸಿ ನೀರು ನಾಲ್ಕೂ ಕಡೆ ಸಿಡಿಯುವ ವಿಡಿಯೋ. ಕೊನೆಗೆ, ಭೂಮಿ ತಿರುಗುವುದೇ ಸುಳ್ಳು ಎಂಬ ತೀರ್ಪು.

ತೀರ್ಪು ತಪ್ಪು. ಆದರೆ ಪ್ರಶ್ನೆಯನ್ನು ದಡ್ಡ ಪ್ರಶ್ನೆ ಎಂದು ನಾವು ತಳ್ಳಿಹಾಕುವುದಿಲ್ಲ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದು 1543ರಲ್ಲಿ ಪುಸ್ತಕ ಬರೆದ ಕೋಪರ್ನಿಕಸ್‌ನಿಗೂ ಇದಕ್ಕೆ ಸಮಾಧಾನ ಹೇಳಬೇಕಾಗಿ ಬಂದಿತ್ತು. 1632ರಲ್ಲಿ ಗೆಲಿಲಿಯೋ ಕೂಡ ಉತ್ತರ ಕೊಡಲು ಹೋಗಿ ಎಡವಿದ. ಭೂಮಿ ಎಷ್ಟೇ ವೇಗವಾಗಿ ತಿರುಗಿದರೂ ಅದರ ಮೇಲಿನ ವಸ್ತು ಹಾರಿಹೋಗಲಾರದು ಎಂದು ರೇಖಾಗಣಿತದಿಂದ ಸಾಧಿಸಲು ನೋಡಿದ. ಅದು ನಿಜವಲ್ಲ. ಸಾಕಷ್ಟು ವೇಗವಾಗಿ ತಿರುಗಿದರೆ ಖಂಡಿತ ಹಾರಿಹೋಗುತ್ತೇವೆ. ಸಾಕಷ್ಟು ಎಂದರೆ ಎಷ್ಟು ಎಂಬುದೇ ಪ್ರಶ್ನೆ. ಅದನ್ನು ಮೊದಲು ಸರಿಯಾಗಿ ಲೆಕ್ಕ ಹಾಕಿದವನು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಬೆಳಕಿನ ಪಾಠದ ಹೈಗನ್ಸ್ ತತ್ವ ನೆನಪಿರಬಹುದು. ಅವನೇ ಇವನು.

ಹೈಗನ್ಸ್ ಹುಟ್ಟಿದ್ದು 1629ರ ಏಪ್ರಿಲ್ 14ರಂದು, ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ. ಗೆಲಿಲಿಯೋನನ್ನು ರೋಮ್‌ನಲ್ಲಿ ವಿಚಾರಣೆಗೆ ನಿಲ್ಲಿಸಿದಾಗ ಇವನಿಗೆ 4 ವರ್ಷ. ತಂದೆ ಕಾನ್‌ಸ್ಟಂಟೈನ್ ಹೈಗನ್ಸ್ ದೊಡ್ಡ ಕವಿ, ಆರೆಂಜ್ ಮನೆತನದ ರಾಜಕುಮಾರರ ಕಾರ್ಯದರ್ಶಿ. ಮನೆಗೆ ತತ್ವಜ್ಞಾನಿ ಡೇಕಾರ್ಟ್ ಬಂದು ಹೋಗುವಷ್ಟು ಒಡನಾಟ. ತಾಯಿ ತೀರಿಕೊಂಡಾಗ ಹುಡುಗನಿಗೆ 8 ವರ್ಷ. ಮಗ ತನ್ನಂತೆಯೇ ರಾಜತಾಂತ್ರಿಕನಾಗಲಿ ಎಂದು ತಂದೆ ಲೈಡನ್‌ಗೆ ಕಾನೂನು ಓದಲು ಕಳುಹಿಸಿದ. ಮಗನ ಮನಸ್ಸು ಗಣಿತದ ಕಡೆಗೇ ಇತ್ತು.

ಮುಂದಿನ ಕೆಲವು ವರ್ಷಗಳಲ್ಲಿ ಅವನು ಮಾಡಿದ್ದನ್ನು ಇಲ್ಲಿ ಬೇಗ ಹೇಳಿ ಮುಗಿಸುತ್ತೇವೆ. ಅಣ್ಣನ ಜೊತೆ ಸೇರಿ ಮನೆಯಲ್ಲೇ ಮಸೂರ ಉಜ್ಜಿ ದೂರದರ್ಶಕ ಮಾಡಿದ. 1655ರಲ್ಲಿ ಅದರಿಂದ ಶನಿಗ್ರಹದ ಚಂದ್ರ ಟೈಟನ್ ಅನ್ನು ಕಂಡ. ಗೆಲಿಲಿಯೋನಿಗೆ ಕಿವಿಗಳಂತೆ ಕಂಡು ಗೊಂದಲ ಹುಟ್ಟಿಸಿದ್ದ ಶನಿಯ ಆಕಾರ ಅಸಲಿಗೆ ಒಂದು ಬಳೆ ಎಂದು ವಿವರಿಸಿದ. 1656ರಲ್ಲಿ ಲೋಲಕದ ಗಡಿಯಾರ ಕಂಡುಹಿಡಿದ. ಅದುವರೆಗೆ ದಿನಕ್ಕೆ ಸುಮಾರು 15 ನಿಮಿಷ ಹಿಂದೆ ಮುಂದೆ ಓಡುತ್ತಿದ್ದ ಗಡಿಯಾರಗಳು ಇದರಿಂದಾಗಿ ಸುಮಾರು 15 ಸೆಕೆಂಡಿನ ವ್ಯತ್ಯಾಸಕ್ಕೆ ಇಳಿದವು. ಒಬ್ಬನ ಆಯುಷ್ಯಕ್ಕೆ ಇಷ್ಟೇ ಸಾಕಿತ್ತು. ಆಗ ಅವನಿಗೆ ಇನ್ನೂ 30 ತುಂಬಿರಲಿಲ್ಲ.

ಈಗ 1659ರ ಅಕ್ಟೋಬರ್. ಕೈಬಿಟ್ಟ ವಸ್ತು ಒಂದು ಸೆಕೆಂಡಿನಲ್ಲಿ ಎಷ್ಟು ದೂರ ಬೀಳುತ್ತದೆ ಎಂದು ನಿಖರವಾಗಿ ಅಳೆಯಬೇಕು ಎಂಬ ಹಟ ಹೈಗನ್ಸ್‌ಗೆ ಹಿಡಿಯಿತು. ತೂಕ ಎಂದರೇನು ಎಂಬ ಯೋಚನೆಯಿಂದ ಅವನು ದಾರದ ತುದಿಯಲ್ಲಿ ತಿರುಗುವ ವಸ್ತುವಿನ ಕಡೆಗೆ ಬಂದ. ಅವನು ಕಲ್ಪಿಸಿಕೊಂಡ ಚಿತ್ರ ಹೀಗಿದೆ. ಒಂದು ಭಾರೀ ಚಕ್ರ ತಿರುಗುತ್ತಿದೆ. ಅದರ ಅಂಚಿಗೆ ಒಬ್ಬ ಮನುಷ್ಯ ಅಂಟಿಕೊಂಡು ನಿಂತು ತಾನೂ ತಿರುಗುತ್ತಿದ್ದಾನೆ. ಅವನ ಕೈಯಲ್ಲಿ ಒಂದು ದಾರ, ದಾರದ ತುದಿಗೆ ಸೀಸದ ಗುಂಡು. ದಾರ ಬಿಗಿಯಾಗಿ ಹೊರಗಡೆಗೆ ಚಾಚಿದೆ. ಅದನ್ನು ಹಿಡಿದವನ ಕೈಗೆ ಅದು ಥೇಟ್ ತೂಗುಹಾಕಿದ ಭಾರದಂತೆಯೇ ಅನಿಸುತ್ತದೆ. ಈಗ ದಾರ ತುಂಡಾದರೆ?

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಹೆಚ್ಚಿನವರು ತಪ್ಪುವುದು ಇಲ್ಲೇ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವವರನ್ನು ನೋಡಿದ್ದರೆ ನಿಮಗೆ ಉತ್ತರ ಗೊತ್ತಿರುತ್ತದೆ. ಕವಣೆಯಿಂದ ಬಿಟ್ಟ ಕಲ್ಲು ಬೀಸುವವನಿಂದ ನೇರ ಹೊರಕ್ಕೆ ಸಿಡಿಯುವುದಿಲ್ಲ. ಬಿಟ್ಟ ಕ್ಷಣದಲ್ಲಿ ಯಾವ ದಿಕ್ಕಿಗೆ ಸಾಗುತ್ತಿತ್ತೋ ಅದೇ ದಿಕ್ಕಿಗೆ, ವೃತ್ತವನ್ನು ಮುಟ್ಟಿ ಸಾಗುವ ಗೆರೆಯಲ್ಲಿ, ನೆಟ್ಟಗೆ ಹೋಗುತ್ತದೆ. ಹೊರಕ್ಕೆ ತಳ್ಳುವ ಕೈ ಯಾವುದೂ ಅಲ್ಲಿಲ್ಲ. ಒಳಕ್ಕೆ ಎಳೆಯುತ್ತಿದ್ದ ಹಗ್ಗ ಕೈಬಿಟ್ಟಿತು, ಅಷ್ಟೇ.

ಆದರೆ ಚಕ್ರದ ಮೇಲೆ ನಿಂತ ಮನುಷ್ಯನಿಗೆ ಬೇರೆಯೇ ಕಾಣುತ್ತದೆ. ಅವನು ಬಾಗುತ್ತಾ ಹೋಗುತ್ತಾನೆ, ಗುಂಡು ನೆಟ್ಟಗೆ ಹೋಗುತ್ತದೆ. ಹಾಗಾಗಿ ಗುಂಡು ತನ್ನಿಂದ ಹೊರಕ್ಕೆ ದೂರ ಸರಿಯುತ್ತಿದೆ ಎಂದೇ ಅವನಿಗೆ ಅನಿಸುತ್ತದೆ. ಎಷ್ಟು ದೂರ? ಹೈಗನ್ಸ್ ಲೆಕ್ಕ ಹಾಕಿದ. ಆರಂಭದ ಸಣ್ಣ ಸಣ್ಣ ಸಮಾನ ಅವಧಿಗಳ ಕೊನೆಯಲ್ಲಿ ಆ ದೂರ 1, 4, 9, 16 ಎಂಬ ಅನುಪಾತದಲ್ಲಿ ಬೆಳೆಯುತ್ತದೆ. ಮೇಲಿನಿಂದ ಬೀಳುವ ಕಲ್ಲು ಕ್ರಮಿಸುವ ದೂರವೂ ಇದೇ ಅನುಪಾತದಲ್ಲಿ ಬೆಳೆಯುತ್ತದೆ ಎಂದು ಗೆಲಿಲಿಯೋ ಆಗಲೇ ತೋರಿಸಿದ್ದ. ಅಂದರೆ ಸುತ್ತುವ ವಸ್ತುವಿನ ಸೆಳೆತವನ್ನು ತೂಕದ ಜೊತೆ ತಕ್ಕಡಿಯಲ್ಲಿಟ್ಟು ಹೋಲಿಸಬಹುದು! ಅದಕ್ಕೆ ಅವನು ಕೇಂದ್ರದಿಂದ ಓಡಿಹೋಗುವ ಬಲ ಎಂಬ ಅರ್ಥದ ಲ್ಯಾಟಿನ್ ಹೆಸರು ಕೊಟ್ಟ. ನಾವಿಂದು ಕೇಂದ್ರಾಪಗಾಮಿ ಬಲ ಎನ್ನುವುದು ಅದನ್ನೇ. ಅದರ ಅಳತೆಯನ್ನೂ ಕೊಟ್ಟ: ವೇಗವನ್ನು ಅದರಿಂದಲೇ ಗುಣಿಸಿ, ವೃತ್ತದ ತ್ರಿಜ್ಯದಿಂದ ಭಾಗಿಸಬೇಕು. ವೇಗ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟು. ಘಾಟಿಯ ತಿರುವಿನಲ್ಲಿ ಬಸ್ಸು ಸ್ವಲ್ಪ ಹೆಚ್ಚು ವೇಗ ಹಿಡಿದರೂ ನಾವು ಪಕ್ಕದವರ ಮೇಲೆ ಅಷ್ಟು ಜೋರಾಗಿ ವಾಲುವುದು ಇದಕ್ಕೇ.

ಈ ಸೂತ್ರ ಸಿಕ್ಕ ಮೇಲೆ ಟೆನಿಸ್ ಚೆಂಡಿನ ವಿಡಿಯೋ ನಿಲ್ಲುವುದಿಲ್ಲ. ಭಾಗಿಸಬೇಕಾದ ತ್ರಿಜ್ಯ ಚೆಂಡಿಗೆ 3 ಸೆಂಟಿಮೀಟರ್ ಚಿಲ್ಲರೆ, ಭೂಮಿಗೆ ಸುಮಾರು 6378 ಕಿಲೋಮೀಟರ್. ಚೆಂಡು ಒಂದು ಸೆಕೆಂಡಿನಲ್ಲಿ ಹಲವು ಸುತ್ತು ಹಾಕುತ್ತದೆ, ಭೂಮಿ 24 ಗಂಟೆಯಲ್ಲಿ ಒಂದು ಸುತ್ತು. ನಿಮ್ಮ ಗೋಡೆ ಗಡಿಯಾರದ ಗಂಟೆಯ ಮುಳ್ಳು 12 ಗಂಟೆಗೆ ಒಂದು ಸುತ್ತು ಮುಗಿಸುತ್ತದೆ. ಭೂಮಿ ತಿರುಗುವುದು ಅದರ ಅರ್ಧದಷ್ಟು ನಿಧಾನವಾಗಿ. ಸಮಭಾಜಕದ ಮೇಲೆ ಲೆಕ್ಕ ಹಾಕಿದರೆ ಈ ಹೊರಸೆಳೆತ ಗುರುತ್ವದ 289ನೇ ಒಂದು ಭಾಗ. 60 ಕಿಲೋ ತೂಗುವವರ ತೂಕದಲ್ಲಿ ಸುಮಾರು 200 ಗ್ರಾಂ ಕಡಿಮೆಯಾಗುತ್ತದೆ. ಬೆಂಗಳೂರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ನಾವು ಹಾರಿಹೋಗುವುದಿಲ್ಲ, ಒಂದು ಲೋಟ ನೀರಿನಷ್ಟು ಹಗುರಾಗುತ್ತೇವೆ. ನಿಜವಾಗಿ ಹಾರಬೇಕೆಂದರೆ ಭೂಮಿ ಈಗಿನದಕ್ಕಿಂತ 17 ಪಟ್ಟು ವೇಗವಾಗಿ ತಿರುಗಬೇಕು, ಏಕೆಂದರೆ 17ನ್ನು 17ರಿಂದ ಗುಣಿಸಿದರೆ 289. ಆಗ ಒಂದು ದಿನ ಒಂದೂವರೆ ಗಂಟೆಯೊಳಗೇ ಮುಗಿದುಹೋಗುತ್ತಿತ್ತು. ಗೆಲಿಲಿಯೋ ಇಲ್ಲವೆಂದ ಆ ಮಿತಿಯನ್ನು ಹೈಗನ್ಸ್ ಅಂಕಿಯಲ್ಲೇ ಬರೆದ.

ಇಷ್ಟು ದೊಡ್ಡ ಉತ್ತರ ಕೈಯಲ್ಲಿದ್ದರೂ ಹೈಗನ್ಸ್ ಅದನ್ನು ಅಚ್ಚು ಮಾಡಿಸಲಿಲ್ಲ. ಎಲ್ಲವೂ ಪೂರ್ತಿ ಸರಿಯಾಗುವವರೆಗೆ ಹೊರಗೆ ಬಿಡಬಾರದು ಎಂಬುದು ಅವನ ಸ್ವಭಾವ. ನಮಗೆ ಇದು ಅವನ ಗುಣವೂ ಹೌದು, ಅವನಿಗಾದ ನಷ್ಟದ ಮೂಲವೂ ಹೌದು ಎನಿಸುತ್ತದೆ. ಹಾಳೆಗಳು ಪೆಟ್ಟಿಗೆಯಲ್ಲಿ ಉಳಿದವು. ಅತ್ತ ಇಂಗ್ಲೆಂಡಿನಲ್ಲಿ 1660ರ ದಶಕದ ನಡುವೆ, ಇವನ ಕೆಲಸದ ಸುಳಿವೂ ಇಲ್ಲದ ಯುವಕ ನ್ಯೂಟನ್ ಅದೇ ಸೂತ್ರವನ್ನು ತನ್ನಷ್ಟಕ್ಕೆ ಕಂಡುಕೊಂಡಿದ್ದ. ಅವನೂ ಆಗ ಅಚ್ಚು ಮಾಡಿಸಲಿಲ್ಲ.

1666ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಯ ಮಂತ್ರಿ ಕೋಲ್ಬೇರ್ ಪ್ಯಾರಿಸ್‌ನಲ್ಲಿ ವಿಜ್ಞಾನ ಅಕಾಡೆಮಿ ಕಟ್ಟಿದಾಗ ಹೈಗನ್ಸ್‌ನನ್ನು ಕರೆಸಿಕೊಂಡ. ಒಳ್ಳೆಯ ಸಂಬಳ, ರಾಜರ ಗ್ರಂಥಾಲಯದಲ್ಲೇ ಮನೆ. ಆದರೆ ಆರೋಗ್ಯ ಕೈಕೊಟ್ಟಿತು. 1670ರಲ್ಲಿ ಕಾಯಿಲೆ ಎಷ್ಟು ಬಿಗಡಾಯಿಸಿತೆಂದರೆ ತಾನು ಉಳಿಯುವುದಿಲ್ಲ ಎಂದುಕೊಂಡು, ಅಚ್ಚಾಗದ ತನ್ನ ಕೆಲಸವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಮುಟ್ಟಿಸುವಂತೆ ಇಂಗ್ಲಿಷ್ ರಾಯಭಾರ ಕಚೇರಿಯ ಅಧಿಕಾರಿಯೊಬ್ಬನನ್ನು ಕೇಳಿಕೊಂಡ. ಹೇಗೋ ಬದುಕಿಕೊಂಡ. 1672ರಲ್ಲಿ ಅದೇ ಲೂಯಿಯ ಸೈನ್ಯ ಹೈಗನ್ಸ್‌ನ ತಾಯ್ನಾಡಿನ ಮೇಲೆಯೇ ನುಗ್ಗಿತು. ತಂದೆ ಮತ್ತು ಅಣ್ಣ ಆರೆಂಜ್ ರಾಜಕುಮಾರನ ಸೇವೆಯಲ್ಲಿದ್ದರು, ಇವನು ಪ್ಯಾರಿಸ್‌ನಲ್ಲಿ ಲೂಯಿಯ ಸಂಬಳದಲ್ಲಿದ್ದ. ಬಿಟ್ಟು ಬರಲಿಲ್ಲ. 1673ರಲ್ಲಿ ಲೋಲಕದ ಗಡಿಯಾರದ ಬಗ್ಗೆ ತನ್ನ ಮಹಾಗ್ರಂಥವನ್ನು ಅಚ್ಚು ಮಾಡಿಸಿ ಅದನ್ನು ಲೂಯಿಗೇ ಅರ್ಪಿಸಿದ. ಊರಿನವರಿಗೆ ಅದು ಹೇಗೆ ಕಂಡಿರಬೇಕು ಎಂದು ಯೋಚಿಸಿದರೆ ಇಂದಿಗೂ ಕಸಿವಿಸಿಯಾಗುತ್ತದೆ.

ಆ ಗ್ರಂಥದ ಕೊನೆಯಲ್ಲಿ ಸುತ್ತುವ ಚಲನೆಯ ಬಗ್ಗೆ 13 ಪ್ರಮೇಯಗಳಿವೆ. ಸಾಧನೆ ಮಾತ್ರ ಒಂದಕ್ಕೂ ಇಲ್ಲ! 14 ವರ್ಷ ಪೆಟ್ಟಿಗೆಯಲ್ಲಿದ್ದ ಲೆಕ್ಕ ಕೊನೆಗೂ ಹೊರಬಂದದ್ದು ಹೀಗೆ, ಉತ್ತರ ಮಾತ್ರ ಬರೆದು ಹಂತಗಳನ್ನು ಬಿಟ್ಟ ಪರೀಕ್ಷೆಯ ಹಾಳೆಯಂತೆ. ಅದೇ ಪುಸ್ತಕದಲ್ಲಿ, ಬೀಳುವ ವಸ್ತು ಮೊದಲ ಸೆಕೆಂಡಿನಲ್ಲಿ ಇಂದಿನ ಅಳತೆಯ ಸುಮಾರು 4.9 ಮೀಟರ್ ಕ್ರಮಿಸುತ್ತದೆ ಎಂಬ ಅಂಕಿಯೂ ಇದೆ. ನಮ್ಮ ಪಠ್ಯಪುಸ್ತಕದ ಅಂಕಿಯೂ ಅದೇ.

ಪುಸ್ತಕದ ಒಂದು ಪ್ರತಿ ನ್ಯೂಟನ್‌ಗೂ ಹೋಯಿತು. ಈಗ ನೋಡಿ, ಹೈಗನ್ಸ್‌ನ ಸೂತ್ರಕ್ಕೆ ಕೆಪ್ಲರ್ ಕೊಟ್ಟಿದ್ದ ಗ್ರಹಗಳ ಮೂರನೇ ನಿಯಮವನ್ನು ಜೋಡಿಸಿದರೆ, ಸೂರ್ಯನ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ ಎಂಬ ನಿಯಮ ನಾಲ್ಕಾರು ಸಾಲಿನಲ್ಲಿ ಸಿಗುತ್ತದೆ. ಜೋಡಿಸಿದವರು ಇಂಗ್ಲೆಂಡಿನವರು. ಎರಡೂ ತುಂಡು ಕೈಯಲ್ಲಿದ್ದ ಹೈಗನ್ಸ್ ಜೋಡಿಸಲಿಲ್ಲ. ಯಾಕೆ? ಅವನು ನೋಡುತ್ತಿದ್ದುದು ಹೊರಗಡೆಗೆ, ಚಕ್ರದ ಮೇಲೆ ನಿಂತ ಮನುಷ್ಯನ ಕಣ್ಣಿನಿಂದ. ನ್ಯೂಟನ್ ಚಕ್ರದಿಂದ ಕೆಳಗಿಳಿದು, ನೆಟ್ಟಗೆ ಹೋಗಬೇಕಾದ ವಸ್ತುವನ್ನು ಒಳಕ್ಕೆ ಬಾಗಿಸುತ್ತಿರುವುದು ಏನು ಎಂದು ಕೇಳಿದ. ಲೆಕ್ಕ ಅದೇ, ದಿಕ್ಕು ತಿರುಗಿತು. ಹೈಗನ್ಸ್ ಇಟ್ಟ ಹೆಸರಿನ ಗೌರವಾರ್ಥ, ಅದೇ ಅಚ್ಚಿನಲ್ಲಿ ನ್ಯೂಟನ್ ಕೇಂದ್ರಾಭಿಮುಖ ಬಲ ಎಂಬ ಹೆಸರನ್ನು ಕಟ್ಟಿದ. ಇಂದಿನ ಭೌತಶಾಸ್ತ್ರವೂ ನೆಲದ ಮೇಲೆ ನಿಂತು ನೋಡುವವರಿಗೆ ಒಳಗಿನ ಎಳೆತ ಮಾತ್ರ ನಿಜ ಎನ್ನುತ್ತದೆ. ಹೊರಗಿನ ತಳ್ಳಾಟ ಸುತ್ತುವವರ ಅನುಭವ. ಬಸ್ಸಿನಲ್ಲಿ ವಾಲಿದಾಗ ನಮ್ಮನ್ನು ಯಾರೂ ತಳ್ಳಿರುವುದಿಲ್ಲ, ಬಸ್ಸು ನಮ್ಮಡಿಯಿಂದ ತಿರುಗಿರುತ್ತದೆ.

1672ರಲ್ಲಿ ಇನ್ನೊಂದು ಘಟನೆ ನಡೆದಿತ್ತು. ಫ್ರೆಂಚ್ ಖಗೋಳ ವೀಕ್ಷಕ ಜೀನ್ ರಿಶೇ ದಕ್ಷಿಣ ಅಮೆರಿಕದ ಕಯೆನ್‌ಗೆ, ಸಮಭಾಜಕದ ಹತ್ತಿರಕ್ಕೆ, ಹೋಗಿದ್ದ. ಪ್ಯಾರಿಸ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಲೋಲಕದ ಭಾರ ಅಲ್ಲಿ ಕೊಂಚ ಕಡಿಮೆ, ಭೂಮಿಯ ತಿರುಗುವಿಕೆಯೇ ಅದಕ್ಕೆ ಕಾರಣ ಎಂದು ಹೈಗನ್ಸ್ ಹೇಳಿದ. ಪೂರ್ತಿ ಕಾರಣ ಅದೊಂದೇ ಅಲ್ಲ. ತಿರುಗಿ ತಿರುಗಿ ಭೂಮಿಯ ನಡು ಉಬ್ಬಿರುವುದೂ ಸೇರುತ್ತದೆ.

ನಮಗೆ ತುಂಬಾ ಇಷ್ಟವಾದ ಭಾಗ ಇದರ ನಂತರದ್ದು. 1686–87ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಹೈಗನ್ಸ್‌ನ ಗಡಿಯಾರಗಳು ಆಫ್ರಿಕಾದ ಗುಡ್‌ಹೋಪ್ ಭೂಶಿರಕ್ಕೆ ಹೋಗಿ ಬಂದವು. ನಡುಸಮುದ್ರದಲ್ಲಿ ಹಡಗು ಪೂರ್ವ-ಪಶ್ಚಿಮವಾಗಿ ಎಲ್ಲಿದೆ ಎಂದು ತಿಳಿಯಲು ನಿಖರ ಸಮಯ ಬೇಕಿತ್ತು. ಹಿಂದಿರುಗಿದ ದಾರಿಯನ್ನು ಗಡಿಯಾರದ ಲೆಕ್ಕದಂತೆ ನಕ್ಷೆಯಲ್ಲಿ ಎಳೆದರೆ ಹಡಗು ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ನೆಲದ ಮೇಲೆಯೇ ತೇಲಿ ಬಂದಂತೆ ಕಂಡಿತು! ಹೈಗನ್ಸ್ ಗಡಿಯಾರವನ್ನು ದೂರಲಿಲ್ಲ. ಭೂಮಿ ತಿರುಗುವುದರಿಂದ ಸಮಭಾಜಕದ ಬಳಿ ಲೋಲಕ ನಿಧಾನವಾಗುತ್ತದೆ ಎಂಬ ತಿದ್ದುಪಡಿಯನ್ನು ಸೇರಿಸಿದ. ಹಡಗಿನ ದಾರಿ ಸಮುದ್ರಕ್ಕೆ ಸರಿಯಿತು. ಭೂಮಿ ತಿರುಗುತ್ತಿಲ್ಲ ಎನ್ನುವವರಿಗೆ ಈ ನಕ್ಷೆಯನ್ನು ತೋರಿಸಬಹುದು.

ನ್ಯೂಟನ್‌ನ ಮಹಾಗ್ರಂಥ ಹೊರಬಂದದ್ದು 1687ರಲ್ಲಿ. ಹೈಗನ್ಸ್ ಅದನ್ನು ಮೆಚ್ಚಿದ, 1689ರಲ್ಲಿ ಲಂಡನ್‌ಗೆ ಹೋಗಿ ನ್ಯೂಟನ್‌ನನ್ನು ಕಂಡ. ಆದರೆ ನಡುವೆ ಏನೂ ಇಲ್ಲದೆ ಸೂರ್ಯ ಇಷ್ಟು ದೂರದಿಂದ ಎಳೆಯುತ್ತಾನೆ ಎಂಬುದನ್ನು ಕೊನೆಯವರೆಗೂ ಒಪ್ಪಲಿಲ್ಲ. ಭೂಮಿಯ ಸುತ್ತ ಕಣ್ಣಿಗೆ ಕಾಣದ ಸೂಕ್ಷ್ಮ ದ್ರವ್ಯ ಸುಳಿಯುತ್ತಿದ್ದು, ಅದೇ ವಸ್ತುಗಳನ್ನು ಕೆಳಕ್ಕೆ ಒತ್ತುತ್ತದೆ ಎಂದೇ ನಂಬಿದ. ಭೂಮಿ ಎಷ್ಟು ಚಪ್ಪಟೆ ಎಂಬ ಲೆಕ್ಕದಲ್ಲೂ ಇಬ್ಬರದು ಬೇರೆ ಬೇರೆ ಉತ್ತರ: ಹೈಗನ್ಸ್‌ನದು 578ರಲ್ಲಿ 1 ಭಾಗ, ನ್ಯೂಟನ್‌ನದು 230ರಲ್ಲಿ 1. ಇಂದು ನಮಗೆ ಗೊತ್ತಿರುವುದು 298ರಲ್ಲಿ 1. ನ್ಯೂಟನ್ ಹತ್ತಿರವಿದ್ದ, ಸರಿ ಇಬ್ಬರೂ ಆಗಿರಲಿಲ್ಲ.

ಅನಾರೋಗ್ಯದಿಂದ 1681ರಲ್ಲೇ ಪ್ಯಾರಿಸ್ ಬಿಟ್ಟು ಊರಿಗೆ ಬಂದಿದ್ದ ಹೈಗನ್ಸ್ ಮತ್ತೆ ಅಲ್ಲಿಗೆ ಹೋಗಲಾಗಲಿಲ್ಲ. 1683ರಲ್ಲಿ ಕೋಲ್ಬೇರ್ ತೀರಿಕೊಂಡ. 1685ರಲ್ಲಿ ಲೂಯಿ ಪ್ರಾಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ಕಿತ್ತುಹಾಕಿದ. ಹೈಗನ್ಸ್ ಪ್ರಾಟೆಸ್ಟೆಂಟ್. ಮದುವೆಯಾಗಿರಲಿಲ್ಲ. ಕೊನೆಯ ವರ್ಷಗಳನ್ನು ಹೆಚ್ಚಾಗಿ ಒಂಟಿಯಾಗಿ ಕಳೆದು 1695ರ ಜುಲೈ 8ರಂದು ಹೇಗ್‌ನಲ್ಲಿ ತೀರಿಕೊಂಡ. 1659ರ ಆ ಹಾಳೆಗಳು, ಚಕ್ರದ ಮೇಲಿನ ಮನುಷ್ಯ, ದಾರ ಮತ್ತು ಸೀಸದ ಗುಂಡಿನ ಸಮೇತ, 1703ರಲ್ಲಿ ಅಚ್ಚಾದವು.

2005ರ ಜನವರಿ 14ರಂದು ಅವನು ಕಂಡ ಟೈಟನ್ ಮೇಲೆ ಅವನದೇ ಹೆಸರಿನ ನೌಕೆ ಇಳಿಯಿತು. ದಾರಿಯಲ್ಲಿ ಅಲುಗದಿರಲಿ ಎಂದು ವಿಜ್ಞಾನಿಗಳು ಅದನ್ನು ಬುಗುರಿಯಂತೆ ತಿರುಗಿಸಿಯೇ ಬಿಟ್ಟಿದ್ದರು. ಪ್ಯಾರಾಚೂಟ್‌ನಲ್ಲಿ ಇಳಿಯುವಾಗ ಅದು ಅಂದುಕೊಂಡದ್ದಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗಿತು. ಆದರೂ ಸುರಕ್ಷಿತವಾಗಿ ನೆಲ ಮುಟ್ಟಿ, ಅಲ್ಲಿನ ಚಿತ್ರಗಳನ್ನು ಕಳುಹಿಸಿತು.