ಭಾಭಾ ಕಟ್ಟಿದ ಮನೆಗೆ ಕಾವಲು ಯಾರದು?

ಯಶವಂತಪುರದಿಂದ ಮೇಖ್ರಿ ವೃತ್ತದ ಕಡೆಗೆ ಬಸ್ಸಿನಲ್ಲಿ ಓಡಾಡುವವರಿಗೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಗೊತ್ತು. ಭಾರತೀಯ ವಿಜ್ಞಾನ ಸಂಸ್ಥೆ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಸಿ.ವಿ. ರಾಮನ್. ಆದರೆ ನಮ್ಮ ದೇಶದ ಅಣುಶಕ್ತಿಯ ಕಥೆಗೂ ಇದೇ ಕಾಂಪೌಂಡಿನ ನಂಟಿದೆ. ಆ ಕಥೆಯ ನಾಯಕ ಹೋಮಿ ಜಹಾಂಗೀರ್ ಭಾಭಾ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈನ ಶ್ರೀಮಂತ ಪಾರ್ಸಿ ಮನೆತನದಲ್ಲಿ. ಮಗ ಎಂಜಿನಿಯರ್ ಆಗಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಅಪ್ಪನ ಆಸೆ. ಅದಕ್ಕಾಗಿ 1927ರಲ್ಲಿ ಕೇಂಬ್ರಿಡ್ಜ್‌ಗೆ ಹೋದ ಹುಡುಗನ ಮನಸ್ಸು ಭೌತವಿಜ್ಞಾನದ ಕಡೆ ಹೊರಳಿತು. ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ತಂದರೆ ಇಷ್ಟದ ವಿಷಯ ಓದಬಹುದು ಎಂದು ಅಪ್ಪ ಷರತ್ತು ಹಾಕಿದರು. ಭಾಭಾ ಪ್ರಥಮ ದರ್ಜೆಯನ್ನೂ ತಂದರು, ಭೌತವಿಜ್ಞಾನವನ್ನೂ ಓದಿದರು. ಮನೆಯವರ ಒತ್ತಾಯಕ್ಕೆ ಬಿಇ ಸೇರಿರುವ ನನ್ನ ಎಷ್ಟೋ ಗೆಳೆಯರಿಗೆ ಈ ಭಾಗ ತಮ್ಮದೇ ಕಥೆ ಅನ್ನಿಸಬಹುದು.

1939ರಲ್ಲಿ ಅವರು ರಜೆಗೆಂದು ಊರಿಗೆ ಬಂದಾಗ ಎರಡನೇ ಮಹಾಯುದ್ಧ ಶುರುವಾಯಿತು. ವಾಪಸ್ ಹೋಗಲಾಗದೆ, ರಾಮನ್ ಅವರ ವಿಭಾಗದಲ್ಲಿ ರೀಡರ್ ಆಗಿ ಬೆಂಗಳೂರಿಗೆ ಬಂದರು. ಇಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ನಡೆಸಿದರು. 1944ರ ಮಾರ್ಚ್‌ನಲ್ಲಿ ಹೊಸ ಸಂಶೋಧನಾ ಸಂಸ್ಥೆಯೊಂದು ಬೇಕೆಂದು ಟಾಟಾ ಟ್ರಸ್ಟ್‌ಗೆ ಪತ್ರ ಬರೆದರು. ಮುಂದೆ ಅಣುವಿನಿಂದ ವಿದ್ಯುತ್ ತಯಾರಿಸುವ ಕಾಲ ಬಂದಾಗ ಭಾರತ ತಜ್ಞರಿಗಾಗಿ ಹೊರದೇಶದ ಕಡೆ ನೋಡುವಂತಾಗಬಾರದು ಎಂಬುದು ಅದರ ತಿರುಳು. ಆಗಿನ್ನೂ ಹಿರೋಷಿಮಾದ ಮೇಲೆ ಬಾಂಬ್ ಬಿದ್ದಿರಲಿಲ್ಲ! 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಕೆಲಸ ಆರಂಭಿಸಿ, ಅದೇ ವರ್ಷ ಮುಂಬೈಗೆ ಹೋಯಿತು.

ಸ್ವಾತಂತ್ರ್ಯದ ನಂತರದ ಅಧ್ಯಾಯವನ್ನು ನಾವು ಪಠ್ಯಪುಸ್ತಕದಲ್ಲಿ ಅಷ್ಟಾಗಿ ಓದುವುದಿಲ್ಲ. 1948ರ ಏಪ್ರಿಲ್‌ನಲ್ಲಿ ಅಣುಶಕ್ತಿ ಮಸೂದೆ ಸಂವಿಧಾನ ಸಭೆಯ ಮುಂದೆ ಬಂತು. ಮೈಸೂರಿನ ಪ್ರತಿನಿಧಿ ಎಸ್.ವಿ. ಕೃಷ್ಣಮೂರ್ತಿ ರಾವ್ ಎದ್ದು ನಿಂತು, ಬ್ರಿಟನ್ನಿನ ಕಾನೂನಿಗಿಂತ ನಮ್ಮದರಲ್ಲಿ ಗೋಪ್ಯತೆ ಏಕೆ ಹೆಚ್ಚು, ಶಾಂತಿಯುತ ಬಳಕೆಯ ಸಂಶೋಧನೆಗೂ ಏಕೆ ಪರದೆ ಎಂದು ಕೇಳಿದರು. ಎರಡು ಬಗೆಯ ಬಳಕೆಯನ್ನು ಬೇರ್ಪಡಿಸುವುದು ಕಷ್ಟ ಎಂದು ನೆಹರೂ ಒಪ್ಪಿಕೊಂಡರು. ಮಸೂದೆ ಅಂಗೀಕಾರವಾಯಿತು.

ಅದೇ ತಿಂಗಳು ಭಾಭಾ ನೆಹರೂ ಅವರಿಗೆ ಒಂದು ಟಿಪ್ಪಣಿ ಕಳಿಸಿದರು. ಅಣುಶಕ್ತಿಯ ಹೊಣೆಯನ್ನು ಕೆಲವೇ ಜನರ ಸಮಿತಿಗೆ ವಹಿಸಬೇಕು, ಆ ಸಮಿತಿ ನೇರವಾಗಿ ಪ್ರಧಾನಿಗೆ ಮಾತ್ರ ಉತ್ತರ ಕೊಡಬೇಕು, ನಡುವೆ ಬೇರೆ ಯಾರೂ ಇರಬಾರದು ಎಂಬುದು ಅವರ ಸಲಹೆ. ಆಗಸ್ಟ್‌ನಲ್ಲಿ ಅಣುಶಕ್ತಿ ಆಯೋಗ ರಚನೆಯಾಯಿತು. ಭಾಭಾ ಅಧ್ಯಕ್ಷರು, ಕೆ.ಎಸ್. ಕೃಷ್ಣನ್ ಮತ್ತು ಶಾಂತಿಸ್ವರೂಪ ಭಟ್ನಾಗರ್ ಸದಸ್ಯರು. 1954ರಲ್ಲಿ ಅಣುಶಕ್ತಿ ಇಲಾಖೆ ಹುಟ್ಟಿತು. ಅದರ ಕಾರ್ಯದರ್ಶಿಯೂ ಭಾಭಾ ಅವರೇ.

ಇದರಿಂದ ಲಾಭವಾಗಲಿಲ್ಲ ಎನ್ನುವಂತಿಲ್ಲ. ಫೈಲುಗಳು ಮೇಜಿನಿಂದ ಮೇಜಿಗೆ ಅಲೆಯಲಿಲ್ಲ. ಎರಡೇ ವರ್ಷದಲ್ಲಿ, 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ‘ಅಪ್ಸರಾ’ ರಿಯಾಕ್ಟರ್ ಚಾಲೂ ಆಯಿತು. ನಮ್ಮ ಕಡಲತೀರದ ಮರಳಿನಲ್ಲಿರುವ ಥೋರಿಯಂ ಬಳಸುವ ಮೂರು ಹಂತದ ಯೋಜನೆಯೂ ಭಾಭಾ ಅವರದೇ ಕನಸು. ಬಡ ದೇಶವೊಂದು ಅಷ್ಟು ಬೇಗ ಅಷ್ಟು ದೂರ ಹೋಗಿದ್ದು ಸಣ್ಣ ಮಾತಲ್ಲ.

1966ರ ಜನವರಿ 24ರಂದು ಏರ್ ಇಂಡಿಯಾ ವಿಮಾನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿದಾಗ ಭಾಭಾ ಅವರಿಗೆ 56 ವರ್ಷ. ಚಿತ್ರ ಬರೆಯುತ್ತಿದ್ದ, ಪಾಶ್ಚಾತ್ಯ ಸಂಗೀತದಲ್ಲಿ ಮುಳುಗುತ್ತಿದ್ದ ಆ ವಿಜ್ಞಾನಿ ಇಲ್ಲವಾದರು. ಅವರು ರೂಪಿಸಿದ ಕುರ್ಚಿ ಮಾತ್ರ ಉಳಿಯಿತು.

ನನ್ನ ಪ್ರಶ್ನೆ ಇರುವುದು ಆ ಕುರ್ಚಿಯ ಬಗ್ಗೆಯೇ. ನಮ್ಮ ಲ್ಯಾಬ್ ಪರೀಕ್ಷೆಗೆ ಪಾಠ ಹೇಳಿದ ಮೇಷ್ಟ್ರ ಜೊತೆ ಬೇರೆ ಕಾಲೇಜಿನಿಂದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಕೂಡ ಬರುತ್ತಾರೆ. ಮೇಷ್ಟ್ರ ಮೇಲೆ ಅನುಮಾನವೆಂದಲ್ಲ, ಕಲಿಸಿದವರೇ ಅಂಕ ಕೊಟ್ಟರೆ ಆ ಅಂಕಕ್ಕೆ ಬೆಲೆ ಕಡಿಮೆ. ಅಮೆರಿಕ 1974ರಲ್ಲೇ ಕಾನೂನು ಮಾಡಿ ಅಣುಶಕ್ತಿ ಬೆಳೆಸುವವರನ್ನೂ ಅದರ ಮೇಲೆ ಕಣ್ಣಿಡುವವರನ್ನೂ ಬೇರೆ ಮಾಡಿತು. ನಮ್ಮಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಬಂದದ್ದು 1983ರ ನವೆಂಬರ್ 15ರಂದು. ಅದು ವರದಿ ಒಪ್ಪಿಸಬೇಕಾಗಿದ್ದದ್ದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಇಲಾಖೆಯ ಕಾರ್ಯದರ್ಶಿ!

ಇದು ಬರೀ ಕಾಗದದ ಮಾತಲ್ಲ. 1994ರ ಮೇ 13ರಂದು ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ ಕಟ್ಟುತ್ತಿದ್ದ ರಿಯಾಕ್ಟರ್ ಕಟ್ಟಡದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಕಾರ್ಮಿಕರು ಗಾಯಗೊಂಡರು. ಇನ್ನೂ ಇಂಧನ ತುಂಬಿರಲಿಲ್ಲ ಎಂಬುದೇ ಪುಣ್ಯ. ತನಿಖೆ ನಡೆದು, ವಿನ್ಯಾಸ ಬದಲಾಗಿ, ಗುಮ್ಮಟವನ್ನು ಮತ್ತೆ ಕಟ್ಟಲಾಯಿತು. ಇಂದು ಅಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಪ್ರಶ್ನೆ ಕೇಳಿ, ಕೆಲಸ ನಿಲ್ಲಿಸಿ, ತಿದ್ದಿದ್ದರಿಂದ ಅಣುಶಕ್ತಿಗೆ ನಷ್ಟವಾಗಲಿಲ್ಲ ಎಂಬುದಕ್ಕೆ ಕೈಗಾವೇ ಸಾಕ್ಷಿ.

ಫುಕುಶಿಮಾ ದುರಂತದ ನಂತರ, 2011ರಲ್ಲಿ, ಸ್ವತಂತ್ರ ಪ್ರಾಧಿಕಾರಕ್ಕಾಗಿ ಮಸೂದೆ ಮಂಡನೆಯಾಯಿತು. ಲೋಕಸಭೆಯ ಅವಧಿ ಮುಗಿದು ಅದು ಬಿದ್ದುಹೋಯಿತು. ಮಂಡಳಿಗೆ ಸ್ವಂತ ಅಧಿಕಾರ ಸಾಲದು ಎಂದು 2012ರಲ್ಲಿ ಸಿಎಜಿ ವರದಿ ಎಚ್ಚರಿಸಿತು. ಕೊನೆಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾನೂನು ಮಂಡಳಿಗೆ ಶಾಸನಬದ್ಧ ಸ್ಥಾನ ಕೊಟ್ಟಿದೆ. ಅದೇ ಕಾನೂನು ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿದೆ. ಅಂದರೆ ಕಾವಲುಗಾರನ ಕೆಲಸ ಈಗ ಇನ್ನೂ ಹೆಚ್ಚು.

ಭಾಭಾ ಅವರನ್ನು ಗೌರವಿಸುವುದೆಂದರೆ ಅವರ ಫೋಟೊಗೆ ಹಾರ ಹಾಕುವುದಷ್ಟೇ ಅಲ್ಲ. ಭಾಭಾ ಅಂಥವರು ಎಲ್ಲ ಕಾಲಕ್ಕೂ ಸಿಗುವುದಿಲ್ಲ. ಅದಕ್ಕೇ ವ್ಯವಸ್ಥೆಯನ್ನು ಒಬ್ಬ ದೊಡ್ಡ ಮನುಷ್ಯನ ಅಳತೆಗೆ ಹೊಲಿಯಬಾರದು. ನಾಳೆ ಇಂಥ ಸ್ಥಾವರಗಳಲ್ಲಿ ಕೆಲಸಕ್ಕೆ ಸೇರುವ ನಮ್ಮ ತಲೆಮಾರಿನ ಎಂಜಿನಿಯರುಗಳು ಭಾಭಾ ಅವರಿಂದ ಧೈರ್ಯವನ್ನೂ, ಕೃಷ್ಣಮೂರ್ತಿ ರಾವ್ ಅವರಿಂದ ಪ್ರಶ್ನೆ ಕೇಳುವುದನ್ನೂ ಕಲಿಯಬೇಕು.